ಕಡ ತಂದ ಪಾಪ

ಮಮದಾಪುರದ ಹಂಚಿನ ಪ್ರಾರ್ಥನಾಮಂದಿರದಲ್ಲಿ ಪಾಪಕ್ಕೆ ಬಹಳ ಮರ್ಯಾದೆಯಿತ್ತು. ಯಾರ ಪಾಪ ದೊಡ್ಡದೋ ಅವರಿಗೆ ಮುಂದಿನ ಚಾಪೆ. ಚಕ್ಕಡಿ ಹೊಡೆಯುವ ಶಿದ್ರಾಮ ಅಲ್ಲಿಯ ಪಾಪಿಗಳಲ್ಲೆಲ್ಲ ಹಿರಿಯ. ವರ್ಷಕ್ಕೊಮ್ಮೆ ಪಾದ್ರಿ ಸಾಹೇಬರು ಬೆಳಗಾವಿಯಿಂದ ಬಂದಾಗ ಸಾಕ್ಷಿಯ ರವಿವಾರ ನಡೆಯುತ್ತಿತ್ತು. ಅಂದು ಅವನು ಎದ್ದು ನಿಂತು, ಯೇಸುಸ್ವಾಮಿಯ ಪರಿಚಯವಾಗುವ ಮುಂಚೆ ತಾನು ಹೇಗಿದ್ದೆ ಎಂದು ಹೇಳುತ್ತಿದ್ದ. ಮೊದಲ ವರ್ಷ ಅವನು ಕದ್ದದ್ದು ಒಂದು ಕುರಿಮರಿ. ಬರಬರುತ್ತ ಮರಿ ಕುರಿಯಾಗಿ, ಕುರಿ ಈಯ್ದು, ಈಚೆಗೆ ಅದೊಂದು ಹಿಂಡೇ ಆಗಿತ್ತು. ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ದೇವರ ಕೃಪೆ ದೊಡ್ಡದೆಂದು ತೋರಿಸಬೇಕಾದರೆ ಪಾಪ ಸಣ್ಣದಿದ್ದು ನಡೆಯುವುದಿಲ್ಲವಲ್ಲ.

ಇಂಥ ಸಭೆಯಲ್ಲಿ ಕೂತು ಪಾರವ್ವ ತನ್ನ ಬಾಳನ್ನೆಲ್ಲ ತಡಕಾಡಿ ನೋಡಿದಳು. ಎದ್ದು ನಿಂತು ಹೇಳುವಂಥದ್ದು ಒಂದೂ ಸಿಗಲಿಲ್ಲ.

ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಬೆಳಗಾಗುವ ಮೊದಲೇ ಬೀಸುಕಲ್ಲು, ಆಮೇಲೆ ನೀರು, ಆಮೇಲೆ ಒಲೆ, ಒಲೆಯಾದ ಮೇಲೆ ಮುಸುರೆ. ಪಾಪ ಮಾಡುವುದಕ್ಕೂ ಒಂದಿಷ್ಟು ಬಿಡುವು ಬೇಕು. ಗಂಡ ರಾಚಪ್ಪ ತನ್ನ ಅಣ್ಣ ಅಪ್ಪಣ್ಣನ ಜತೆ ಹೊಸ ಮತಕ್ಕೆ ಸೇರಿದಾಗ ಪಾರವ್ವನನ್ನು ಯಾರೂ ಕೇಳಿರಲಿಲ್ಲ. ಚಕ್ಕಡಿಯಲ್ಲಿ ಗಂಟಿನ ಜತೆ ಗಂಟಾಗಿ ಅವಳೂ ಬಂದಿಳಿದಿದ್ದಳು. ಕೊರಳಿನ ಲಿಂಗ ಹೋಯಿತು, ಹೆಸರು ಉಳಿಯಿತು. ಇನ್ಫ್ಲುಯೆಂಜಾ ಬೇನೆಯ ವರ್ಷ ರಾಚಪ್ಪನೂ ಹೋದ. ಅಂದಿನಿಂದ ಅವಳು ಭಾವ ಅಪ್ಪಣ್ಣನ ಮನೆಯ ಅಡಿಗೆಕೋಣೆಯಲ್ಲಿ, ಬೀಸುಕಲ್ಲಿನ ಬಾಜೂಕ್ಕೆ, ಒಂದು ಕೌದಿಯಷ್ಟು ಜಾಗದಲ್ಲಿ ಬದುಕುತ್ತಿದ್ದಳು. ಭಾವ ಕೆಟ್ಟವನಲ್ಲ. ಅವನ ಹೆಂಡತಿಯೂ ಕೆಟ್ಟವಳಲ್ಲ. ಅವರ ಮನೆಯಲ್ಲಿ ಒಳಗಿನಿಂದ ಹಾಕಿಕೊಳ್ಳುವಂಥ ಒಂದು ಬಾಗಿಲೂ ಇರಲಿಲ್ಲ, ಅಷ್ಟೇ. ಅಡಿಗೆಕೋಣೆಗೆ ಹೊರಗಿನಿಂದ ಒಂದು ಕೊಂಡಿಯಿತ್ತು. ಅದು ನಾಯಿ ನುಗ್ಗದಿರಲೆಂದು.

ಹುಕ್ಕೇರಿಯಲ್ಲಿ ಮಿಶನ್ನಿನವರ ಹೆಣ್ಣುಹುಡುಗಿಯರ ಬೋರ್ಡಿಂಗ್ ಇತ್ತು. ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದ ಮುದುಕಿಗೆ ಕಣ್ಣು ಮಂದವಾಗಿ ಬೇರೊಬ್ಬರು ಬೇಕಾಗಿದ್ದರು. ಪಾದ್ರಿ ಸಾಹೇಬರ ಹೆಂಡತಿ, ಎಲ್ಲರೂ ಮೇಮಸಾಹೇಬರು ಅನ್ನುತ್ತಿದ್ದವರು, ಪಾರವ್ವನ ಹೆಸರು ತೆಗೆದರು. ಪಾರವ್ವ ಒಮ್ಮೆ ಆ ಬೋರ್ಡಿಂಗಿಗೆ ಜೋಳ ಹಸನು ಮಾಡಲು ಹೋಗಿದ್ದಳು. ಮುದುಕಿಯ ಕೋಣೆಯನ್ನು ಕಂಡಿದ್ದಳು. ಒಂದು ಹೊರಸು, ಒಂದು ಗೂಡು, ಒಂದು ಬಾಗಿಲು. ಬಾಗಿಲಿಗೆ ಒಳಗಡೆ ಕಬ್ಬಿಣದ ಚಿಲಕ. ಮುದುಕಿ ನೀರಿಗೆ ಹೋದಾಗ ಅವಳು ಸುಮ್ಮನೆ ಆ ಚಿಲಕವನ್ನು ಒಮ್ಮೆ ಹಾಕಿ ತೆಗೆದಿದ್ದಳು. ಆ ಸದ್ದು ಈಗಲೂ ಅವಳ ಕಿವಿಯಲ್ಲಿತ್ತು.

ಆದರೆ ಬೋರ್ಡಿಂಗಿನ ಕೀಲಿ ಕೈಗೆ ಬರಬೇಕಾದರೆ ಪ್ರಭುವಿನ ಪಂಕ್ತಿಯಲ್ಲಿ ರೊಟ್ಟಿ ಮುರಿಯುವ ಪೂರ್ಣ ಸಭಿಕಳಾಗಬೇಕು. ಸಭಿಕಳಾಗಬೇಕಾದರೆ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳಬೇಕಾದರೆ ಪಾಪ ಬೇಕು.

ಇಲ್ಲದವರಿಗಾಗಿ ಬೋಧಕ ಸೋಮಪ್ಪನವರು ಒಂದು ಅನುಕೂಲ ಮಾಡಿಟ್ಟಿದ್ದರು. ಸ್ವಂತ ಪಾಪ ನೆನಪಾಗದವರು "ತಾಯಿಯ ಹೊಟ್ಟೆಯಿಂದಲೇ ನಾನು ಪಾಪಿ" ಎಂದು ಒಂದು ಮಾತು ಹೇಳಿ ಕೂತರಾಯಿತು. ಹೆಂಗಸರೆಲ್ಲ ಅದನ್ನೇ ಹೇಳಿ, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಒಲೆಯ ಮೇಲೆ ಬೇಳೆ ಇಟ್ಟು ಬಂದವರಿಗೆ ಅದು ಬಹಳ ಸಲೀಸು.

ಪಾರವ್ವನಿಂದ ಆ ಮಾತು ಹೊರಡುತ್ತಿರಲಿಲ್ಲ.

ರಾಚಪ್ಪ ಹೋಗುವ ಹಿಂದಿನ ವರ್ಷ ಅವಳಿಗೊಂದು ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ, ದೀಕ್ಷಾಸ್ನಾನಕ್ಕೆ ಪಾದ್ರಿ ಬರುವ ಮೊದಲೇ, ಅದು ತೀರಿಹೋಯಿತು. ಸಮಾಧಾನ ಹೇಳಲು ಬಂದ ಸೋಮಪ್ಪನವರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಕೂಸಾದರೂ ಅದು ಆದಾಮನ ಬೀಜವೇ, ಅಡಿಯಿಂದ ಮುಡಿಯವರೆಗೆ ಪಾಪದಲ್ಲೇ ಹುಟ್ಟಿದ್ದು, ದೇವರು ನ್ಯಾಯವಂತ, ದುಃಖಿಸಬೇಡವ್ವ ಎಂದಿದ್ದರು. ಅವರು ನಿಜಕ್ಕೂ ಸಮಾಧಾನವೆಂದೇ ತಿಳಿದು ಹೇಳಿದ್ದರು. ಪಾರವ್ವನ ತವರು ತುಕ್ಕಾನಟ್ಟಿಯಲ್ಲಿ ಅಜ್ಜಿ ಶಿವವ್ವ ಬಾಣಂತಿಯ ಕೋಣೆಗೆ ಮೈಲಿಗೆಯನ್ನು ಹತ್ತಗೊಡುತ್ತಿರಲಿಲ್ಲ. ಕೂಸು ಹೊಟ್ಟೆಯಲ್ಲಿರುವಾಗಲೇ ಅಯ್ಯನವರನ್ನು ಕರೆಸಿ ಅದಕ್ಕೆ ಲಿಂಗ ಕಟ್ಟಿಸುತ್ತಿದ್ದಳು, ಹುಟ್ಟಿದ್ದನ್ನು ಕೈಗೆತ್ತಿಕೊಂಡು ಶಿವ ಬಂದ ಅನ್ನುತ್ತಿದ್ದಳು. ಪಾರವ್ವ ಎರಡನ್ನೂ ಕೇಳಿದವಳು. ಯಾವುದು ಖರೆ ಎಂದು ನಿರ್ಧರಿಸುವಷ್ಟು ಓದಿದವಳಲ್ಲ. ಆದರೆ ಕಣ್ಣು ಸರಿಯಾಗಿ ಬಿಡದ ಆ ಕೂಸಿಗೆ ಹೊಲಸಾಗಲು ಪುರಸೊತ್ತಾದರೂ ಎಲ್ಲಿತ್ತು ಎಂದು ಮಾತ್ರ ಅವಳಿಗೆ ಅನಿಸುತ್ತಿತ್ತು. ತಾಯಿಯ ಹೊಟ್ಟೆಯಿಂದಲೇ ಪಾಪಿ ಎಂದು ತಾನು ಒಪ್ಪಿದರೆ, ತನ್ನ ಹೊಟ್ಟೆಯಿಂದ ಬಂದದ್ದರ ಪರವಾಗಿಯೂ ಒಪ್ಪಿದ ಹಾಗೆ.

ಅವಳಿಗೆ ಬೇಕಾಗಿದ್ದದ್ದು ದೊಡ್ಡವಳಾದ ಮೇಲೆ ಮಾಡಿದ, ತನ್ನೊಬ್ಬಳದೇ ಆದ ಒಂದು ಪಾಪ. ಅದೇ ಇರಲಿಲ್ಲ.

ಇತ್ತ ಗಂಡಸರಲ್ಲಿ ಈ ವಿಷಯವಾಗಿ ದೊಡ್ಡ ಚರ್ಚೆಯೇ ನಡೆದಿತ್ತು. ಮನುಷ್ಯನಲ್ಲಿ ಸಾಸಿವೆಯಷ್ಟೂ ಒಳ್ಳೆಯದು ಉಳಿದಿಲ್ಲ, ಅವನ ಪುಣ್ಯವೂ ಕೊಳೆತದ್ದೇ ಎಂದು ಸೋಮಪ್ಪನವರು. ಹಾಗಲ್ಲ, ದೇವರು ತನ್ನ ರೂಪದಲ್ಲಿ ಮಾಡಿದ ಮನುಷ್ಯನೊಳಗೆ ಒಂದು ಕಿಡಿ ಆರದೆ ಉಳಿದಿದೆ ಎಂದು ಮಿಶನ್ ಸಾಲಿಯ ವೀರಪ್ಪ ಮಾಸ್ತರರು. ಮಂದಿರದ ಪಡಸಾಲೆಯಲ್ಲಿ ಊಟದ ಹೊತ್ತು ಮೀರುವವರೆಗೆ ಇಬ್ಬರೂ ವಾದಿಸುತ್ತಿದ್ದರು. ಸೋಮಪ್ಪನವರ ಸಿದ್ಧಾಂತದಿಂದ ಅವರ ಮನೆಯವರಿಗೆ ಒಂದು ಕಷ್ಟವಿತ್ತು: ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅದು ಹೆಂಡತಿ ಚನ್ನವ್ವನ ಪಾಪಸ್ವಭಾವ, ಅದಕ್ಕಾಗಿ ತಾಟು ಎಸೆದರೆ ಅದು ಮನುಷ್ಯಕುಲದ ಪಾಪಸ್ವಭಾವ. ಮಾಸ್ತರರ ಸಿದ್ಧಾಂತ ಮೃದು. ತಮ್ಮ ಹೆಂಡತಿಯ ಒಳಗೂ ಕಿಡಿಯಿದೆ ಎಂದು ಅವರು ಮನಸಾರೆ ನಂಬಿದ್ದರು. ಅದಕ್ಕೇ ಇರಬೇಕು, ಆಕೆಗಾಗಿ ಒಂದು ದಿನವೂ ಕಟ್ಟಿಗೆ ಒಡೆದವರಲ್ಲ.

ಚರ್ಚೆಗೆ ಮೂಲ ಮಾತ್ರ ಶಾಸ್ತ್ರವಲ್ಲ, ಒಂದು ಕೋಳಿ. ಕೆಲವು ವರ್ಷಗಳ ಹಿಂದೆ ಪಾದ್ರಿ ಸಾಹೇಬರ ಊಟಕ್ಕೆಂದು ಸೋಮಪ್ಪನವರು ಮೇಯಿಸಿಟ್ಟ ಹ್ಯಾಟಿ, ಹೆಣ್ಣುಕೋಳಿ, ಸಾಹೇಬರು ಬರುವ ಮುಂಚೆಯೇ ಮಾಯವಾಗಿತ್ತು. ಮಾಸ್ತರರ ನಾಯಿ ಮೋತಿಯೇ ಹೊತ್ತೊಯ್ದದ್ದೆಂದು ಚನ್ನವ್ವ ಹೇಳಿದಳು. ಸೋಮಪ್ಪನವರು ಬಡಿಗೆ ತಗೊಂಡು ಹೋಗಿ ಮೋತಿಯ ಹಿಂಗಾಲು ಮುರಿದರು. ನಾಯಿ ನಿರ್ದೋಷಿ ಎಂದು ಮಾಸ್ತರರು. ನಿರ್ದೋಷಿ ಎಂಬ ಪ್ರಾಣಿಯೇ ಭೂಮಿಯ ಮೇಲಿಲ್ಲ ಎಂದು ಬೋಧಕರು. ಅಲ್ಲಿಂದ ಅದು ಆದಾಮನವರೆಗೆ ಹೋಯಿತು. ಮೋತಿ ಮಾತ್ರ ಇಬ್ಬರ ಮನೆಯ ಮುಂದೂ ಕುಂಟುತ್ತ ಓಡಾಡಿಕೊಂಡಿತ್ತು.

ಸಾಕ್ಷಿಯ ರವಿವಾರ ಹತ್ತಿರವಾದಾಗ ಹಳ್ಳದಲ್ಲಿ ಬಟ್ಟೆ ಒಗೆಯುತ್ತ ಪಾರವ್ವ ತನ್ನ ಕಷ್ಟವನ್ನು ಹಣಮವ್ವನ ಮುಂದೆ ಹೇಳಿಕೊಂಡಳು. ಹಣಮವ್ವ ಕುರಿ ಕಾಯುವ ಮಾಯಪ್ಪನ ಹೆಂಡತಿ. ಹಾಲುಮತದ ಮನೆಯಿಂದ ಸಭೆಗೆ ಸೇರಿದವಳು. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಒಂದು ಚರಿಗೆ ತುಂಬ ಕೊಡುವವಳು.

"ಪಾಪ ಇಲ್ಲಂದ್ರ ನಂದೊಂದ ತೊಗೊ ಪಾರಕ್ಕ" ಎಂದಳು, ಸೀರೆ ಹಿಂಡುತ್ತ. "ನನ್ನ ಹಂತೇಕ ಬಾಳ ಅದಾವ. ನಾ ಏನ್ ಎಲ್ಲಾ ಹೇಳಿ ಮುಗಸೂದಿಲ್ಲ."

ಇಬ್ಬರೂ ಕಲ್ಲಿನ ಮೇಲೆ ಕೂತು, ಸಂತೆಯಲ್ಲಿ ಬಳೆ ಆರಿಸುವ ಹಾಗೆ ಆರಿಸಿದರು. ಅತ್ತೆ ಸಾಯಲೆಂದು ಹಣಮವ್ವ ಮಾಳಿಂಗರಾಯನಿಗೆ ಹರಕೆ ಹೊತ್ತಿದ್ದಳು. ಆದರೆ ಪಾರವ್ವನ ಅತ್ತೆ ಮದುವೆಗೂ ಮುಂಚೆಯೇ ತೀರಿದ್ದು ಊರಿಗೆಲ್ಲ ಗೊತ್ತು. ಹಾಲಿಗೆ ನೀರು ಬೆರೆಸಿದ್ದಿತ್ತು. ಪಾರವ್ವನಿಗೆ ಎಮ್ಮೆಯಿಲ್ಲ. ನಾದಿನಿಯ ಕಾಸೆ ಸೀರೆಯ ಮೇಲೆ ಬೇಕೆಂದೇ ಎಣ್ಣೆ ಚೆಲ್ಲಿದ್ದಿತ್ತು. ಅದು ಬಹಳ ಸಣ್ಣದಾಯಿತೆಂದು ಇಬ್ಬರೂ ಬಿಟ್ಟರು.

"ಹಂಗಾರ ಕೋಳೀದ ತೊಗೊ. ಅದಕ ಎಮ್ಮಿ ಬ್ಯಾಡ, ಅತ್ತಿ ಬ್ಯಾಡ" ಎಂದಳು ಹಣಮವ್ವ. ಹಿಂದೊಮ್ಮೆ ಮಟಮಟ ಮಧ್ಯಾಹ್ನ ಯಾರದೋ ಹಿತ್ತಲಿಗೆ ಹೋಗಿ, ಬೋಳು ಕೊರಳಿನ ಒಂದು ಹ್ಯಾಟಿಯ ಮೇಲೆ ಕಂಬಳಿ ಚೆಲ್ಲಿ, ಬಗಲಲ್ಲಿಟ್ಟುಕೊಂಡು ಬಂದು ಕುಯ್ದು ತಿಂದಿದ್ದಳಂತೆ. ಯಾರ ಹಿತ್ತಲು ಎಂದು ಪಾರವ್ವ ಕೇಳಿದಳು. ಶಿದ್ರಾಮನ ಕುರಿ ಯಾರವು ಎಂದು ಯಾರಾದರೂ ಕೇಳಿದ್ದಾರೆಯೇ ಎಂದು ಹಣಮವ್ವ ಅವಳ ಬಾಯಿ ಮುಚ್ಚಿಸಿದಳು. ಕೋಳಿಯನ್ನು ಹೇಗೆ ಅಡಿಗೆ ಮಾಡಿದಳೆಂದು ಅವಳು ಹೇಳಲಿಲ್ಲ. ಅದನ್ನು ಯಾರಿಗಾದರೂ ಹೇಳಿಕೊಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಪಾರವ್ವನೂ ಕೇಳಲಿಲ್ಲ. ಅವಳು ಮತ ಬಿಟ್ಟಿದ್ದಳೇ ಹೊರತು ಅವಳ ನಾಲಿಗೆ ಬಿಟ್ಟಿರಲಿಲ್ಲ. ಸಭೆಯ ಊಟದಲ್ಲಿ ಮಾಂಸವಿದ್ದರೆ ದೂರ ಕೂತು ಬರೀ ರೊಟ್ಟಿ ಖಾರ ತಿನ್ನುತ್ತಿದ್ದಳು. ಕುಯ್ದೆ ಎಂಬ ಮಾತಿಗೇ ಅವಳು ಒಗೆಯುವ ಬಟ್ಟೆಯ ಕಡೆ ಮುಖ ತಿರುಗಿಸಿದ್ದಳು. ಊರಿನ ಕೋಳಿಗಳನ್ನು ಅವಳು ಕಣ್ಣೆತ್ತಿ ನೋಡಿದವಳೂ ಅಲ್ಲ. ಹಾಗಾಗಿ ಮಮದಾಪುರದಲ್ಲಿ ಬೋಳು ಕೊರಳಿನ ಹ್ಯಾಟಿ ಇದ್ದದ್ದು ಒಂದೇ ಒಂದು, ಒಬ್ಬರದೇ ಮನೆಯಲ್ಲಿ ಎಂಬುದು ಅವಳಿಗೆ ತಿಳಿದಿರಲಿಲ್ಲ.

ರವಿವಾರ ಬಂತು. ಪಾದ್ರಿ ಸಾಹೇಬರು ಕುರ್ಚಿಯಲ್ಲಿ, ಪಕ್ಕದ ಕುರ್ಚಿಯಲ್ಲಿ ಮೇಮಸಾಹೇಬರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಶಿದ್ರಾಮನ ಹಿಂಡು ಆ ವರ್ಷ ಇನ್ನೂ ಕೆಲವು ಕುರಿಗಳಿಂದ ಬೆಳೆದಿತ್ತು. ಹೆಂಗಸರು ಸಾಲಾಗಿ ಎದ್ದು ಹೊಟ್ಟೆಯಿಂದಲೇ ಪಾಪಿಗಳಾಗಿ ಕೂತರು. ಪಾರವ್ವನ ಸರದಿ ಬಂತು.

ಸೆರಗಿನ ತುದಿಯನ್ನು ಹೆಬ್ಬೆರಳಿಗೆ ಸುತ್ತುತ್ತ ಅವಳು ಕಲಿತದ್ದನ್ನು ಕಲಿತ ಹಾಗೆ ಒಪ್ಪಿಸಿದಳು. ಮಧ್ಯಾಹ್ನ, ಹಿತ್ತಲು, ಕಂಬಳಿ, ಹ್ಯಾಟಿ. ಸೋಮಪ್ಪನವರ ಮುಖ ಅರಳಿತು. ಊರಿಗೆಲ್ಲ ಮಾಂಸ ಮುಟ್ಟದವಳೆಂದು ಹೆಸರಾದ ಹೆಂಗಸು ಒಳಗೊಳಗೆ ಕೋಳಿಗಳ್ಳಿ. ಅವರ ಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವಂತಿರಲಿಲ್ಲ. ಅವರು ಮಾಸ್ತರರ ಕಡೆ ತಿರುಗಿ ನೋಡಿದರು. ನಿನ್ನ ಕಿಡಿಯೆಲ್ಲಿ ಎಂಬಂತಿತ್ತು ಆ ನೋಟ.

"ಬೋಳು ಕೊರಳಿನ ಹ್ಯಾಟಿರಿ" ಎಂದು ಪಾರವ್ವ ಮುಗಿಸಿದಳು.

ಅರಳಿದ ಮುಖ ಅಲ್ಲೇ ನಿಂತುಹೋಯಿತು. ಹೆಂಗಸರ ಕಡೆ ಹಣಮವ್ವ ಕಣ್ಣು ಮುಚ್ಚಿಕೊಂಡಳು. ಮಾಸ್ತರರು ಎದ್ದು ನಿಂತು, ತಮ್ಮ ನಾಯಿಯ ಕಾಲಿನ ವಿಚಾರ ಈಗಲಾದರೂ ಸಭೆಯ ಮುಂದೆ ಬರಲಿ ಎಂದರು. ಪಾದ್ರಿ ಸಾಹೇಬರಿಗೆ ನಾಯಿ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅವರು ತಮ್ಮ ಪುಸ್ತಕದ ಕನ್ನಡದಲ್ಲಿ, ತರುವಾಯ ಆ ಪಕ್ಷಿಯನ್ನು ತಾವು ಏನು ಮಾಡಿದಿರಿ ಎಂದು ಪಾರವ್ವನನ್ನು ಕೇಳಿದರು.

ಅಡಿಗೆ ಮಾಡಿದೆನೆಂದಳು. ಹೇಗೆ ಎಂದರು. ಪಶ್ಚಾತ್ತಾಪ ಖರೆಯಿದ್ದರೆ ವಿವರ ಮರೆಯುವುದಿಲ್ಲ ಎಂದು ಸೋಮಪ್ಪನವರು ಬಿಗಿದ ದನಿಯಲ್ಲಿ ಸೇರಿಸಿದರು.

ಪಾರವ್ವನಿಗೆ ಗೊತ್ತಿದ್ದ ದೊಡ್ಡ ಅಡಿಗೆ ಒಂದೇ, ಬದನೆಕಾಯಿಯದು. "ತೊಳದು, ತೊಟ್ಟ ಹಿಡದು, ಬುಡದ ಕಡಿಂದ ನಾಕು ಸೀಳು ಮಾಡಿದೆರಿ" ಎಂದಳು. "ಒಳಗ ಗುರೆಳ್ಳಪುಡಿ, ಶೇಂಗಾಪುಡಿ, ಖಾರ, ಬೆಲ್ಲ ತುಂಬಿ, ಎಣ್ಣ್ಯಾಗ ಇಟ್ಟ ಮ್ಯಾಲ ತಾಟ ಮುಚ್ಚಿದೆ."

ಗಂಡಸರು ಗಂಭೀರವಾಗಿ ತಲೆಯಾಡಿಸಿದರು. ಘೋರ ಪಾಪ ಎಂದು ಶಿದ್ರಾಮ ಮೆಲ್ಲಗೆ ನಿಟ್ಟುಸಿರಿಟ್ಟ. ಹೆಂಗಸರ ಕಡೆ ಮಾತ್ರ ಒಬ್ಬೊಬ್ಬರಿಗೇ ಕೆಮ್ಮು ಹತ್ತಿತು. ಸೆರಗುಗಳು ಬಾಯಿಗೆ ಹೋದವು.

ಆಮೇಲೆ ನಡೆದದ್ದು ಆ ಸಭೆಯ ಇತಿಹಾಸದಲ್ಲಿ ಹಿಂದೆಂದೂ ನಡೆದಿರಲಿಲ್ಲ. ಸೋಮಪ್ಪನವರೂ ವೀರಪ್ಪ ಮಾಸ್ತರರೂ ಒಂದು ಮಾತಿಗೆ ಬಂದರು. ಮನುಷ್ಯರೆಲ್ಲ ಪೂರ್ತಿ ಪಾಪಿಗಳು ಎಂಬುದು ಸರಿ, ಆದರೆ ಅದನ್ನು ಹೀಗೆ ಒಂದೊಂದು ಕೋಳಿಯ ಮಟ್ಟಕ್ಕೆ ಇಳಿಸಿದವರ ಕೈಗೆ ಬೋರ್ಡಿಂಗಿನ ಉಗ್ರಾಣದ ಕೀಲಿ ಕೊಡಲಾಗದು ಎಂದು ಬೋಧಕರು. ಪ್ರತಿಯೊಬ್ಬರಲ್ಲೂ ಒಳ್ಳೆಯ ಕಿಡಿ ಇದ್ದೇ ಇದೆ, ಆದರೆ ಕಿಡಿ ಬೇರೆ ಕೀಲಿ ಬೇರೆ ಎಂದು ಮಾಸ್ತರರು. ಮೋತಿಯ ಕಾಲಿನ ವಿಚಾರ ಮನೆಯಲ್ಲಿ ಕೂತು ಮಾತಾಡೋಣವೆಂದು ಒಬ್ಬರು, ಅಗತ್ಯವಾಗಿ ಎಂದು ಇನ್ನೊಬ್ಬರು. ಇಷ್ಟು ವರ್ಷ ಒಡೆದಿದ್ದ ಸಭೆ ಒಂದಾದದ್ದನ್ನು ಕಂಡು ಪಾದ್ರಿ ಸಾಹೇಬರ ಕಣ್ಣು ತೇವಗೊಂಡಿತು. ಅವರು ಹುಕ್ಕೇರಿಗೆ ಬೇರೆ ಯಾರನ್ನಾದರೂ ನೋಡಬೇಕಾದೀತು ಎಂದು ಹೆಂಡತಿಗೆ ಹೇಳುತ್ತಿರುವುದು ಭಾಷೆ ತಿಳಿಯದಿದ್ದರೂ ಪಾರವ್ವನಿಗೆ ತಿಳಿಯಿತು. ಚಿಲಕದ ಸದ್ದು ದೂರ ಹೋಯಿತು. ಅಳು ಬರಲಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಕಡ ತಂದದ್ದೂ ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಬೇಸರವಾಯಿತು. ಕೂರಲೋ ನಿಂತಿರಲೋ ತಿಳಿಯದೆ ನಿಂತೇ ಇದ್ದಳು.

ಆಗ ಎದ್ದವಳು ಚನ್ನವ್ವ. ಬೋಧಕರ ಹೆಂಡತಿಯಾಗಿ ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತಿದ್ದರೂ ಮಂದಿರದಲ್ಲಿ ಹಾಡು ಬಿಟ್ಟು ಬೇರೆ ದನಿ ತೆಗೆದವಳಲ್ಲ.

"ಪುಚ್ಚ ಏನ್ ಮಾಡಿದಿ ಪಾರಕ್ಕ?" ಎಂದು ಕೇಳಿದಳು.

ಪಾರವ್ವ ಯೋಚಿಸಿದಳು. ಬದನೆಕಾಯಿಗೆ ರೆಕ್ಕೆಪುಕ್ಕ ಇರುವುದಿಲ್ಲ. "ಅದರ ಸಂಗಾಟನ ಬೇಸಿದೆ" ಎಂದಳು.

ಹೆಂಗಸರ ಕಡೆಯಿಂದ ತಡೆದಿಟ್ಟ ನಗು ಕಟ್ಟೆಯೊಡೆದು ಬಂತು. ಹಣಮವ್ವನಂತೂ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಪುಚ್ಚ ಬೇಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಅವರಲ್ಲಿ ಯಾರ ಬದುಕಿನಲ್ಲೂ ಈವರೆಗೆ ಎದ್ದಿರಲಿಲ್ಲ.

"ಆಕಿ ಕೋಳಿ ಮುಟ್ಟಿಲ್ಲರಿ" ಎಂದಳು ಚನ್ನವ್ವ, ಗಂಡನ ಕಡೆ ನೋಡದೆ, ಮೇಮಸಾಹೇಬರ ಕಡೆ ತಿರುಗಿ. "ಕೋಳಿ ಎಣಗಾಯಿ ಮಾಡೇನಿ ಅಂತಾಳ. ನಾವ್ಯಾರೂ ಹಂತಾದ್ದ ಉಂಡಿಲ್ಲ."

ಮೇಮಸಾಹೇಬರು ಕೈವಸ್ತ್ರ ಬಾಯಿಗೆ ಹಿಡಿದು, ಕೆಂಪಗಾಗಿ, ಗಂಡನ ಕಿವಿಯಲ್ಲಿ ಏನೋ ಹೇಳಿದರು. ಪಾದ್ರಿ ಸಾಹೇಬರ ತೇವದ ಕಣ್ಣು ಆರಿತು. ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳಿದಿರೋ ಎಂದು ಕೇಳಿದರು.

"ಹೌದ್ರಿ" ಎಂದಳು ಪಾರವ್ವ.

ಯಾತಕ್ಕೆ ಎಂದರು.

ಅವಳು ಸೆರಗಿನ ತುದಿಯನ್ನು ಹೆಬ್ಬೆರಳಿನಿಂದ ಬಿಡಿಸಿದಳು. "ಹೊಟ್ಟಿಯಿಂದನ ಪಾಪಿ ಅಂತ ಹೇಳಾಕ ನಂಗ ಆಗಲಿಲ್ಲರಿ. ಹಂಗ ಅಂದ್ರ ನನ್ನ ಕೂಸಿಗೂ ಅದು ಹತ್ತತೈತಿ. ಅದು ಏನೂ ಮಾಡಿಲ್ಲರಿ, ಹಾಲ ಸೈತ ನೆಟ್ಟಗ ಕುಡೀಲಿಲ್ಲ. ಅದಕ ನಂದ ಅಂತ ಒಂದ ಪಾಪ ಬೇಕಾಗಿತ್ತು. ಇರಲಿಲ್ಲ. ಕಡ ತಂದೆ."

ನಗು ನಿಂತಿತು. ಯಾರಿಂದ ತಂದಿರಿ ಎಂದು ಸೋಮಪ್ಪನವರು ಕೇಳಿದರು. ಕೊಟ್ಟವರ ಹೆಸರು ಹೇಳುವುದಿಲ್ಲವೆಂದಳು. ಅವಳ ಕಣ್ಣು ಯಾರ ಕಡೆ ಹೋಗುತ್ತದೆಂದು ಅವರು ಕಾದರು. ಅದು ನೆಲ ಬಿಟ್ಟು ಏಳಲಿಲ್ಲ.

ಕುರ್ಚಿಗಳ ನಡುವೆ ಪಿಸುಮಾತು ಬಹಳ ಹೊತ್ತು ನಡೆಯಿತು. ಮೇಮಸಾಹೇಬರೇ ಹೆಚ್ಚು ಮಾತಾಡಿದರು. ಕೊನೆಗೆ ಪಾದ್ರಿ ಸಾಹೇಬರು ಎದ್ದು, ಈ ಸಹೋದರಿ ಕಳ್ಳಿಯಲ್ಲವೆಂದೂ, ಆದರೆ ಸಭೆಯ ಸಮಕ್ಷಮದಲ್ಲಿ ಸುಳ್ಳಾಡಿದ್ದರಿಂದ ಪಾಪಿಯೆಂಬುದಕ್ಕೆ ನಾವೆಲ್ಲರೂ ಸಾಕ್ಷಿಗಳೆಂದೂ, ಅದನ್ನು ಆಕೆ ಒಪ್ಪಿಕೊಂಡಿರುವುದರಿಂದ ಪಂಕ್ತಿಗೆ ಅರ್ಹಳೆಂದೂ ಸಾರಿದರು.

ಇದರಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಆ ಇಬ್ಬರು. ಪಾಪವಿಲ್ಲವೆಂದು ಬೀಗುತ್ತಿದ್ದವಳ ಒಳಗಿನಿಂದ ಸುಳ್ಳು ತಾನಾಗಿ ಹೊರಬಂತು ನೋಡಿರಿ, ಇದೇ ಅಡಿಯಿಂದ ಮುಡಿಯವರೆಗಿನ ಕೊಳೆ ಎಂದು ಸೋಮಪ್ಪನವರು ಪಡಸಾಲೆಯಲ್ಲಿ ಗೆದ್ದರು. ಸತ್ತ ಕೂಸಿನ ಮೇಲಿನ ಮಮತೆಗಾಗಿ ಆಡಿದ ಸುಳ್ಳು, ಇದೇ ಆರದ ಕಿಡಿ ಎಂದು ವೀರಪ್ಪ ಮಾಸ್ತರರು ಅದೇ ಪಡಸಾಲೆಯಲ್ಲಿ ಗೆದ್ದರು. ಸಭೆ ಮತ್ತೆ ಎರಡಾಯಿತು. ಇಬ್ಬರೂ ಪಾರವ್ವನನ್ನು ಉದಾಹರಣೆಯಾಗಿ ಎತ್ತಿಕೊಂಡರು. ಅವಳನ್ನು ಕರೆದು ಇನ್ನೊಂದು ಮಾತು ಕೇಳುವ ಪ್ರಸಂಗ ಇಬ್ಬರಿಗೂ ಬರಲಿಲ್ಲ. ಹಾಗಾದರೆ ಕೋಳಿ ತಿಂದವರು ಯಾರು ಎಂದು ಮನೆಯಲ್ಲಿ ಸೋಮಪ್ಪನವರು ಕೇಳಿದ್ದಕ್ಕೆ ಚನ್ನವ್ವ, ಮೋತಿಯೇ ಇರಬೇಕು ಬಿಡ್ರಿ ಎಂದಳಂತೆ. ಇಡೀ ಪ್ರಕರಣದಲ್ಲಿ ಪೂರ್ತಿ ನಿರ್ದೋಷಿ ಎಂದು ಎರಡೂ ಪಕ್ಷದವರು ಒಪ್ಪಬಹುದಾಗಿದ್ದದ್ದು ಆ ನಾಯಿಯೊಂದೇ. ಅದರ ಕಾಲು ಮಾತ್ರ ನೆಟ್ಟಗಾಗಲಿಲ್ಲ.

ಹುಕ್ಕೇರಿಗೆ ಹೊರಡುವ ಮುಂಚೆ ಪಾರವ್ವ ಶೇಂಗಾ ಹೋಳಿಗೆ ಮಾಡಿದಳು. ಕಡ ತಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದೆಂಬುದು ಅವಳ ತವರಿನ ರೂಢಿ, ಪಾಪಕ್ಕೂ ಅದು ಹೊಂದೀತೆಂದು ಅವಳಿಗನಿಸಿತು. ಅರ್ಧ ಹಣಮವ್ವನಿಗೆ ಕೊಟ್ಟಳು. ಉಳಿದರ್ಧ ಚನ್ನವ್ವನಿಗೆ ಕೊಡಲು ಹೋದಾಗ, ಇಷ್ಟು ದಿನ ಕೇಳದೆ ಬಿಟ್ಟದ್ದನ್ನು ಕೇಳಿದಳು. ಕೋಳಿ ಯಾರು ತಿಂದದ್ದೆಂದು ನಿನಗೆ ಗೊತ್ತಿತ್ತೇನು ಚನ್ನಕ್ಕ.

ಚನ್ನವ್ವ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು. ಗೊತ್ತಿತ್ತು. ಅವತ್ತೇ ಹಣಮವ್ವನ ತಿಪ್ಪೆಯಲ್ಲಿ ಪುಚ್ಚ ಕಂಡಿದ್ದಳು. ಹಣಮವ್ವ ಆಗ ಹಸೀ ಬಾಣಂತಿ, ಮಾಯಪ್ಪ ಕುರಿ ಹೊಡಕೊಂಡು ದೂರ ಹೋಗಿದ್ದ, ಮನೆಯಲ್ಲಿ ನುಚ್ಚು ಬಿಟ್ಟು ಬೇರೆ ಇರಲಿಲ್ಲ.

"ಪಾದ್ರಿ ದೊರಿ ತಿಂದಿದ್ರ ಒಂದಿನ ಚಲೋ ಐತಿ ಅಂತಿದ್ರು" ಎಂದಳು. "ಆಕಿ ತಿಂದ್ಲು, ಹಾಲ ಬಂತು. ನಾಯಿ ಮ್ಯಾಲ ಹಾಕಿದೆ. ಇವರು ಅದರ ಕಾಲ ಮುರೀತಾರ ಅಂತ ಗೊತ್ತಿರಲಿಲ್ಲ ನಂಗ. ದಿನಾ ಅದಕ ಒಂದ ರೊಟ್ಟಿ ಹಾಕತೇನಿ."

ಸಾಕ್ಷಿಯ ದಿನ ಈ ಮಾತು ಹೇಳಬಹುದಿತ್ತಲ್ಲ ಎಂದಳು ಪಾರವ್ವ. ಅದಕ್ಕೆ ಹೊಟ್ಟೆಯಿಂದಲೇ ಪಾಪಿ ಎಂಬ ಒಂದೇ ಮಾತಿನ ಸಲೀಸು ಸಾಕ್ಷಿ ಇದೆಯಲ್ಲ ಎಂದು ಚನ್ನವ್ವ ನಕ್ಕಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಎದ್ದು ಹೋದಳು.

ಹುಕ್ಕೇರಿಯ ಕೋಣೆ ಹಾಗೆಯೇ ಇತ್ತು. ಹೊರಸು, ಗೂಡು, ಬಾಗಿಲು. ಮೊದಲ ದಿನ ಮಧ್ಯಾಹ್ನ ಹುಡುಗಿಯರು ಊಟ ಮಾಡಿ ಎದ್ದ ಮೇಲೆ ಪಾರವ್ವ ಒಳಗೆ ಬಂದು ಚಿಲಕ ಹಾಕಿದಳು. ಕೂಸಿನ ನೆನಪಿಗೆ ಅಳಬಹುದೆಂದುಕೊಂಡಿದ್ದಳು, ಪ್ರಾರ್ಥನೆ ಮಾಡಬಹುದೆಂದೂ ಅಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಹೊರಸಿನ ಮೇಲೆ ಕಾಲು ಚಾಚಿ ಸುಮ್ಮನೆ ಕೂತಳು. ಗೋಡೆಯ ಮೇಲೊಂದು ಹಲ್ಲಿ. ಅದನ್ನು ನೋಡುತ್ತಿದ್ದಳು.

ಹೊರಗೆ ಯಾರೋ ಬಾಗಿಲು ತಟ್ಟಿದರು. ಅವಸರದ ಸದ್ದಲ್ಲ. ಉಗ್ರಾಣದ ಕೀಲಿಯೋ, ಯಾವಳಿಗೋ ತಲೆಗೆ ಎಣ್ಣೆಯೋ ಬೇಕಾಗಿರಬೇಕು. ಹುಟ್ಟಿದಾಗಿನಿಂದ ಕರೆದ ಕೂಡಲೇ ಎದ್ದವಳು ಪಾರವ್ವ. ಅವಳು ಏಳಲಿಲ್ಲ. ಇನ್ನೊಮ್ಮೆ ತಟ್ಟಿದರು. ಹಲ್ಲಿ ಸೂರಿನ ಕಡೆ ಸರಿಯಿತು. ಇದು ಪಾಪವಿದ್ದರೂ ಇರಬಹುದು ಎಂದುಕೊಂಡಳು, ಸೋಮಪ್ಪನವರನ್ನು ಕೇಳಿದರೆ ಇದೆಯೆಂದೇ ಹೇಳಿಯಾರು. ಇದ್ದರೆ ಇರಲಿ. ಇದನ್ನು ಯಾರಿಂದಲೂ ಕಡ ತಂದದ್ದಲ್ಲ, ಯಾರಿಗೂ ತಿರುಗಿ ಕೊಡಬೇಕಾಗಿಲ್ಲ.

ಇನ್ನಷ್ಟು ಹೊತ್ತು ಕೂತಿದ್ದು, ಆಮೇಲೆ ಎದ್ದು ಚಿಲಕ ತೆಗೆದಳು.